ಊರು ಬಿಡದ ತಿಮಿಂಗಿಲ

(ಮುಂಬಯಿಯ ನಮ್ಮ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಊರು ಬಿಟ್ಟು ಬಂದವರ ಈ ಕೂಟದಲ್ಲಿ ಊರು ಬಿಡದ ಒಂದು ಪ್ರಾಣಿಯ ಮಾತೆತ್ತಬೇಕೆಂದಿದ್ದೇವೆ. 2016ರ ಜನವರಿ ಕೊನೆಯಲ್ಲಿ ಜುಹೂ ದಂಡೆಗೆ ಸುಮಾರು 35 ಅಡಿ ಉದ್ದದ ಸತ್ತ ತಿಮಿಂಗಿಲವೊಂದು ಬಂದು ಬಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ನಾವೂ ನೋಡಲು ಹೋಗಿದ್ದೆವು. ಮೂಗಿಗೆ ಕರವಸ್ತ್ರ ಹಿಡಿದು ನಿಂತಿದ್ದ ಗುಂಪಿನಲ್ಲಿ ಹಿರಿಯರೊಬ್ಬರು, “ಇವೆಲ್ಲ ದಕ್ಷಿಣ ಧ್ರುವದ ಕಡೆಯವು, ದಾರಿ ತಪ್ಪಿ ಬಂದಿರಬೇಕು, ಪಾಪ” ಎಂದರು. ನಾವೂ ಹೌದೆಂದು ತಲೆಯಾಡಿಸಿದೆವು. ಆಮೇಲೆ ಓದಿ ನೋಡಿದಾಗ ತಲೆಯಾಡಿಸಿದ್ದು ತಪ್ಪೆಂದು ತಿಳಿಯಿತು. ಅಲ್ಲಿ ಬಿದ್ದಿದ್ದದ್ದು ಬ್ರೈಡ್ಸ್ ಎಂಬ ಜಾತಿಯದು. ಬೆಚ್ಚನೆಯ ಕಡಲೇ ಅದರ ಮನೆ.

ಅದಕ್ಕಿಂತ ಸೋಜಿಗದ ಸಂಗತಿ ಗೂನುಬೆನ್ನಿನ ತಿಮಿಂಗಿಲದ್ದು. ಇಂಗ್ಲಿಷಿನಲ್ಲಿ ಇದನ್ನು ಹಂಪ್‌ಬ್ಯಾಕ್ ಎನ್ನುತ್ತಾರೆ. ಲೋಕದ ಬೇರೆ ಕಡಲುಗಳಲ್ಲಿ ಇದಕ್ಕೆ ಉಣ್ಣಲು ಒಂದೂರು, ಹೆರಿಗೆಗೆ ಇನ್ನೊಂದೂರು. ಬೇಸಿಗೆಯಲ್ಲಿ ಧ್ರುವದ ಕಡೆಯ ತಣ್ಣೀರಿನಲ್ಲಿ ಹೊಟ್ಟೆ ತುಂಬಿಸಿಕೊಂಡು, ಚಳಿಗಾಲಕ್ಕೆ ಸಾವಿರಾರು ಮೈಲಿ ಈಜಿ ಬೆಚ್ಚನೆಯ ನೀರಿಗೆ ಬರುತ್ತದೆ. ಅಲ್ಲಿ ಮರಿ ಹಾಕುತ್ತದೆ, ಬಹುಮಟ್ಟಿಗೆ ಉಪವಾಸವನ್ನೇ ಮಾಡುತ್ತದೆ. ನಮ್ಮ ಅರಬ್ಬೀ ಸಮುದ್ರದ ಗೂನುಬೆನ್ನಿನವು ಮಾತ್ರ ಈ ಪ್ರಯಾಣವನ್ನೇ ಮಾಡುವುದಿಲ್ಲ. ಊಟವೂ ಇಲ್ಲೇ, ಹೆರಿಗೆಯೂ ಇಲ್ಲೇ. ಇವುಗಳ ಕುಲ ದಕ್ಷಿಣದ ಬಳಗದಿಂದ ಬೇರೆಯಾಗಿ ಸುಮಾರು 70,000 ವರ್ಷಗಳಾಗಿವೆಯೆಂದು 2014ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಲೆಕ್ಕ ಹಾಕಿತು.

ಇಲ್ಲೇ ಉಳಿಯಲು ಕಾರಣವೇನು? ಮಳೆಗಾಲ. ನಮಗೆ ಮಳೆಗಾಲವೆಂದರೆ ಲೋಕಲ್ ಗಾಡಿ ನಿಲ್ಲುವುದು, ಚಾಳಿನ ಗೋಡೆ ಒಸರುವುದು. ಆದರೆ ಜೂನಿನಿಂದ ಸೆಪ್ಟೆಂಬರಿನವರೆಗೆ ಬೀಸುವ ಅದೇ ನೈಋತ್ಯದ ಗಾಳಿ ಒಮಾನ್ ದೇಶದ ಕರಾವಳಿಯ ಮೇಲ್ನೀರನ್ನು ದಡದಿಂದ ಆಚೆಗೆ ತಳ್ಳುತ್ತದೆ. ತೆರವಾದ ಜಾಗಕ್ಕೆ ಆಳದ ತಣ್ಣೀರು ಮೇಲೇಳುತ್ತದೆ. ತಳದ ಸಾರವೆಲ್ಲ ಅದರೊಡನೆ ಬರುತ್ತದೆ. ಆ ಸಾರದಿಂದ ಕಣ್ಣಿಗೆ ಕಾಣದ ಸಸ್ಯಗಳು, ಅವನ್ನು ತಿನ್ನುವ ಸೀಗಡಿಯಂಥ ಸಣ್ಣ ಜೀವಿಗಳು, ಬೂತಾಯಿಯ ಹಿಂಡುಗಳು, ಹೀಗೆ ಒಂದರ ಮೇಲೊಂದು ಹೆಚ್ಚುತ್ತವೆ. ಬಾಗಿಲಲ್ಲೇ ಬಡಿಸಿದ ಎಲೆಯಿರುವಾಗ ಧ್ರುವದ ತನಕ ಯಾರು ಹೋದಾರು?

ಊರು ಬಿಡದವರಿಗೆ ಒಂದು ಅಪಾಯವುಂಟು. ಹುಡುಕಿ ಬಂದವರ ಕೈಗೆ ಎಲ್ಲವೂ ಒಟ್ಟಿಗೆ ಸಿಕ್ಕಿಬಿಡುತ್ತವೆ. 1966ರ ನವೆಂಬರಿನಲ್ಲಿ, ಅಂಟಾರ್ಕ್ಟಿಕದ ಬೇಟೆಗೆ ಹೊರಟಿದ್ದ ಸೋವಿಯತ್ ಹಡಗುಗಳು ದಾರಿಯಲ್ಲಿ ಒಮಾನ್, ಪಾಕಿಸ್ತಾನ ಮತ್ತು ನಮ್ಮ ವಾಯವ್ಯ ಕರಾವಳಿಗಳ ಆಚೆಗೆ ಕೆಲವೇ ದಿನಗಳಲ್ಲಿ ಸುಮಾರು 240 ಗೂನುಬೆನ್ನಿನ ತಿಮಿಂಗಿಲಗಳನ್ನು ಕೊಂದವು. ನಿಯಮಕ್ಕೆ ವಿರುದ್ಧವಾದ ಬೇಟೆ, ಗುಟ್ಟಾಗಿಯೇ ಇತ್ತು. ಲೆಕ್ಕವನ್ನು ಯೂರಿ ಮಿಖಲೇವ್ ಎಂಬ ವಿಜ್ಞಾನಿ 1997ರಲ್ಲಿ ಪ್ರಕಟಿಸಿದರು. ಸತ್ತ ತಾಯಂದಿರ ಹೊಟ್ಟೆಯಲ್ಲಿದ್ದ ಮರಿಗಳ ಅಳತೆಗಳು ಆ ಕಡತದಲ್ಲಿದ್ದವು. ಅಳತೆಯಿಂದ ಹೆರಿಗೆಯ ತಿಂಗಳನ್ನು ಎಣಿಸಿದಾಗ ಅದು ದಕ್ಷಿಣಗೋಳದ ಕಾಲಕ್ಕೆ ಹೊಂದಲಿಲ್ಲ, ಉತ್ತರದ ಚಳಿಗಾಲಕ್ಕೆ ಹೊಂದಿತು. ಇವು ದಾರಿಹೋಕರಲ್ಲ, ಇಲ್ಲಿಯವೇ ಎಂಬುದಕ್ಕೆ ಬಲವಾದ ಸಾಕ್ಷಿ ಹೀಗೆ ಕೊಂದವರ ಕಡತದಿಂದಲೇ ದೊರೆಯಿತು.

ಈಗ ಎಷ್ಟು ಉಳಿದಿವೆ? ಕಡಲಿಗೆ ಜನಗಣತಿಯವರನ್ನು ಕಳಿಸಲಾಗದು. ಉಪಾಯವನ್ನು ನಮ್ಮ ವಾಚನಾಲಯದ ಹಾಜರಿ ಪುಸ್ತಕದಿಂದಲೇ ಹೇಳುತ್ತೇವೆ. ಒಂದು ಭಾನುವಾರ 40 ಮಂದಿ ಸಹಿ ಹಾಕಿದರೆನ್ನಿ. ಮುಂದಿನ ಭಾನುವಾರ 30 ಮಂದಿ. ಅವರಲ್ಲಿ 12 ಮಂದಿ ಹಿಂದಿನ ವಾರದವರೆ. ಎಂದರೆ ಮೊದಲ ವಾರದವರು ಐದರಲ್ಲಿ ಎರಡು ಪಾಲು. 40 ಎಂಬುದು ಎರಡು ಪಾಲಾದರೆ ಒಟ್ಟು ಓದುಗರು 100. ತಿಮಿಂಗಿಲದ ಸಹಿ ಅದರ ಬಾಲದ ಕೆಳಮೈಯಲ್ಲಿರುತ್ತದೆ. ಅಲ್ಲಿಯ ಕಪ್ಪುಬಿಳುಪು ಗುರುತು ಒಂದರಂತೆ ಇನ್ನೊಂದರದಿಲ್ಲ. ಒಮಾನಿನ ಕರಾವಳಿಯಲ್ಲಿ ಬಾಲಗಳ ಛಾಯಾಚಿತ್ರಗಳನ್ನು ಹೀಗೆ ತಾಳೆ ನೋಡಿ, 2011ರಲ್ಲಿ ಪ್ರಕಟಿಸಿದ ಅಂದಾಜು 82. ಹೆಚ್ಚು ಕಡಿಮೆ ಎಂದರೂ 60ರಿಂದ 111ರೊಳಗೆ.

ಹಾಜರಿ ಪುಸ್ತಕದ ದೋಷವೂ ನಿಮಗೆ ಗೊತ್ತು. ಭಾನುವಾರವೂ ಪಾಳಿಯಿರುವವರ ಹೆಸರು ಅದರಲ್ಲಿ ಬರುವುದಿಲ್ಲ. ಮೇ ತಿಂಗಳಲ್ಲಿ ಎಣಿಸಿದರೆ ಅರ್ಧ ಜನ ಊರಿನಲ್ಲಿ ಮಾವಿನಹಣ್ಣು ತಿನ್ನುತ್ತಿರುತ್ತಾರೆ. ಕಡಲಿನಲ್ಲಿ ಇದು ತಲೆಕೆಳಗು: ಎಣಿಸುವವರೇ ರಜೆಯ ಮೇಲಿರುತ್ತಾರೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್, ಜುಲೈ ತಿಂಗಳುಗಳಲ್ಲಿ ಯಂತ್ರದ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಒಮಾನಿನ ಕಡೆಯೂ ಬಿರುಗಾಳಿಯಲ್ಲಿ ಸಣ್ಣ ದೋಣಿ ಇಳಿಯದು. ಆಗ ತಿಮಿಂಗಿಲ ಕಾಣಲಿಲ್ಲವೆಂದರೆ ನೋಡುವವರಿರಲಿಲ್ಲ ಎಂದಷ್ಟೇ ಅರ್ಥ. ದಂಡೆಗೆ ಬಿದ್ದವನ್ನು ಎಣಿಸಿದರೂ ಅಷ್ಟೆ. ಗಾಳಿ ದಡದ ಕಡೆ ಬೀಸಿದಾಗ ಹೆಣ ತೇಲಿ ಬರುತ್ತದೆ. ಆಚೆ ಬೀಸಿದರೆ ಕಡಲಲ್ಲೇ ಮುಳುಗುತ್ತದೆ. ಬದುಕಿರುವವು ಯಾವ ತಿಂಗಳು ಎಲ್ಲಿರುತ್ತವೆಂಬುದಕ್ಕೆ ಹೆಣದ ಲೆಕ್ಕ ಸಾಲದು.

ಆದುದರಿಂದಲೇ ಒಂದು ಹೆಣ್ಣು ತಿಮಿಂಗಿಲದ ಸುದ್ದಿ ನಮಗೆ ದೊಡ್ಡದಾಗಿ ಕಂಡಿತು. ಅದರ ಹೆಸರು ಲುಬಾನ್. ದರ್ಗಾದಲ್ಲಿ ಹೊಗೆ ಹಾಕುವ ನಮ್ಮ ಲೋಬಾನವೇ ಆ ಅರಬ್ಬೀ ಮಾತು. 2017ರ ನವೆಂಬರಿನಲ್ಲಿ ಒಮಾನಿನ ಬಳಿ ಅದರ ಬೆನ್ನಿಗೆ ಉಪಗ್ರಹಕ್ಕೆ ಸುಳಿವು ಕೊಡುವ ಯಂತ್ರವನ್ನು ಚುಚ್ಚಿದರು. ಡಿಸೆಂಬರಿನಲ್ಲಿ ಅದು ಸಮುದ್ರವನ್ನು ಅಡ್ಡ ಹಾಯ್ದು ಗೋವೆಯ ಆಚೆಗೆ ಬಂತು. ಅಲ್ಲಿಂದ ತೆಂಕಣ ತುದಿಯವರೆಗೆ ಇಳಿದು, 2018ರ ಆರಂಭದಲ್ಲಿ ಒಮಾನಿನ ಕಡೆಗೆ ಮರಳಿತು. 2017ರ ಮಾರ್ಚಿನಲ್ಲಿ, ಲುಬಾನ್ ಬರುವ ಮೊದಲೇ, ಗೋವೆಯ ಬಳಿ ನೀರಿನೊಳಗೆ ಇಳಿಬಿಟ್ಟ ಯಂತ್ರಗಳಲ್ಲಿ ಗೂನುಬೆನ್ನಿನ ಗಂಡಿನ ಹಾಡು ದಾಖಲಾಗಿತ್ತು. ಗೋವೆಯಿಂದ ತೆಂಕಣಕ್ಕಿಳಿಯುವ ದಾರಿಯೆಂದರೆ ಕಾರವಾರ, ಹೊನ್ನಾವರ, ಮಲ್ಪೆ, ಮಂಗಳೂರುಗಳ ಹೊರಗಡಲು. ನಿಮ್ಮ ಅಣ್ಣತಮ್ಮಂದಿರು ಬಲೆ ಬೀಸುವ ನೀರು.

ಅವರಿಗೆ ಹೇಳಿ ಕಳಿಸಿ. ತಿಮಿಂಗಿಲ ಕಂಡರೆ ದೂರದಲ್ಲೇ ದೋಣಿ ನಿಲ್ಲಿಸಲಿ. ತಾರೀಖು, ಹೊತ್ತು, ಜಾಗ ಬರೆದುಕೊಳ್ಳಲಿ. ಬಾಲ ಎತ್ತಿದರೆ ಫೋನಿನಲ್ಲಿ ಹಿಡಿಯಲಿ. ಎಷ್ಟು ದಿನ ಕಡಲಿಗೆ ಹೋಗಿ ಏನೂ ಕಾಣಲಿಲ್ಲವೆಂಬುದನ್ನೂ ಬರೆಯಲಿ; ಲೆಕ್ಕಕ್ಕೆ ಅದೂ ಬೇಕು. ಇದಕ್ಕೆಂದೇ ಒಂದು ನೋಟುಬುಕ್ಕನ್ನು ವೃತ್ತಪತ್ರಿಕೆಗಳ ಮೇಜಿನ ಮೇಲೆ ಇಟ್ಟಿದ್ದೇವೆ. ಪೆನ್ಸಿಲನ್ನು, ಹಿಂದಿನ ಅನುಭವದಿಂದ, ದಾರದಲ್ಲಿ ಕಟ್ಟಿದ್ದೇವೆ.