ದನ ಕಂದು ಹಾಕಿದರೆ ಮನೆಯವನಿಗೇಕೆ ಜ್ವರ?

(ಕುಂದಗೋಳದಲ್ಲಿ ಗಿರಣಿ ಕಾರ್ಮಿಕರ ಹಾಗೂ ಚಿಕ್ಕ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಪಗಾರ, ಬೋನಸ್ಸು, ಕಾಳುಕಡಿಯ ದರ ಇವುಗಳ ಮಾತನ್ನು ಬದಿಗಿಟ್ಟು ಇಂದು ಒಂದು ಜ್ವರದ ಮಾತನ್ನು ಎತ್ತಿಕೊಂಡಿದ್ದೇನೆ. ಇದೂ ಪಗಾರದ ಮಾತೇ ಎಂಬುದು ತಮಗೆ ಬೇಗನೆ ತಿಳಿಯುವುದು.

ಗಿರಣಿಗೆ ಹೋಗುವವನ ಮನೆಯಲ್ಲಿಯೂ ಒಂದು ಎಮ್ಮೆ, ಇಲ್ಲವೆ ಎರಡು ಆಡು ಇರುವುದುಂಟು. ಪಗಾರ ಸಾಲದ ತಿಂಗಳಲ್ಲಿ ಮನೆತನ ನಡೆಸುವವು ಅವೇ. ಅಂಥ ಎಮ್ಮೆ ತಿಂಗಳು ತುಂಬುವ ಮೊದಲೇ ಕಂದು ಹಾಕುತ್ತದೆ. ಕೆಟ್ಟ ದೃಷ್ಟಿ ತಾಗಿತೆಂದು ನಾವು ಸುಮ್ಮನಾಗುತ್ತೇವೆ. ಮನೆಯ ಹೆಣ್ಣುಮಗಳು ಸತ್ತ ಕರುವನ್ನೂ ಮಾಸನ್ನೂ ಬರಿಗೈಯಿಂದ ಎತ್ತಿ ತಿಪ್ಪೆಗೆ ಹಾಕುತ್ತಾಳೆ. ಕೆಲವು ವಾರಗಳ ಮೇಲೆ ಮನೆಯಲ್ಲಿ ಒಬ್ಬರಿಗೆ ಜ್ವರ. ಸಂಜೆಗೆ ಏರುತ್ತದೆ, ರಾತ್ರಿ ಮೈಯೆಲ್ಲ ಬೆವರಿ ಇಳಿಯುತ್ತದೆ. ನಡ ಹಿಡಿಯುತ್ತದೆ, ಕೀಲು ನೋಯುತ್ತವೆ. ಗಂಡಸರಲ್ಲಿ ವೃಷಣ ಬಾಯುವುದುಂಟು, ಬಸುರಿಯರಲ್ಲಿ ಗರ್ಭಪಾತವಾಗುವುದುಂಟು. ಜ್ವರ ಬಿಟ್ಟಿತೆನ್ನುವಷ್ಟರಲ್ಲಿ ಮತ್ತೆ ಬರುತ್ತದೆ. ಮೈಮೇಲೆ ಗಾಯ ಕಾಣದ ಇಂಥ ಮನುಷ್ಯನನ್ನು ಮುಕಾದಮನು ಮೈಗಳ್ಳನೆನ್ನುತ್ತಾನೆ. ಟೈಫಾಯಿಡ್ ಎಂದೋ ಕ್ಷಯವೆಂದೋ ಔಷಧ ನಡೆದು ಸಾಲ ಬೆಳೆಯುತ್ತದೆ.

ಈ ರೋಗದ ಹೆಸರು ಬ್ರುಸೆಲ್ಲೋಸಿಸ್. ದನ ಕಂದು ಹಾಕಲು ಬೇರೆ ಕಾರಣಗಳೂ ಇವೆ. ಆದರೆ ಮೊದಲು ಸಂಶಯಪಡತಕ್ಕದ್ದು ಇದನ್ನು. ಇದರ ರೋಗಾಣು ಗಬ್ಬದ ದನದ ಗರ್ಭಕೋಶದಲ್ಲಿ ಕೋಟಿಗಟ್ಟಲೆ ಬೆಳೆದು ಸತ್ತ ಕರು, ಮಾಸು, ನೀರುಗಳೊಡನೆ ಹೊರಬೀಳುತ್ತದೆ. ಮುಂದೆ ಹಾಲಿನಲ್ಲಿಯೂ ಬರುತ್ತದೆ. ಕೈಯ ಗೀರು, ಕಣ್ಣು, ಉಸಿರು, ಹಸಿ ಹಾಲು, ಇವು ಮನುಷ್ಯನೊಳಗೆ ಬರಲು ಅದಕ್ಕಿರುವ ದಾರಿಗಳು.

ಇದು ನಮ್ಮ ಸೀಮೆಯಲ್ಲಿ ಎಲ್ಲಿದೆ ಎಂದು ಕೇಳಬಹುದು. ದೂರ ಹೋಗಬೇಕಾಗಿಲ್ಲ. ಬಿಜಾಪುರದಲ್ಲಿ, ಅಂದರೆ ಇಂದಿನ ವಿಜಯಪುರದಲ್ಲಿ, ಡಾ. ಬಿ. ಜಿ. ಮಂಟೂರ ಮತ್ತು ಅವರ ಸಂಗಡಿಗರು ವರ್ಷಾನುವರ್ಷ ಜ್ವರದವರ ರಕ್ತ ಪರೀಕ್ಷಿಸುತ್ತ ಬಂದರು. 2004ರಲ್ಲಿ 93 ಮಕ್ಕಳ, 2006ರಲ್ಲಿ 16 ವರ್ಷಗಳ ಅವಧಿಯ 495 ದೊಡ್ಡವರ ಲೆಕ್ಕವನ್ನು ಪ್ರಕಟಿಸಿದರು. ಹುಡುಕಿದವರಿಗೆ ಸಿಕ್ಕಿತು. ಹುಡುಕದ ಊರಿನಲ್ಲಿ ರೋಗವೇ ಇಲ್ಲವೆಂದು ಯಾರೂ ಎದೆ ತಟ್ಟಿ ಹೇಳುವಂತಿಲ್ಲ.

ಈ ರೋಗದ ಚರಿತ್ರೆಯಲ್ಲಿ ಕಾರ್ಮಿಕನು ತಿಳಿಯತಕ್ಕ ಮಾತೊಂದಿದೆ. ಮಾಲ್ಟಾ ನಡುಗಡ್ಡೆಯಲ್ಲಿ ಇಂಗ್ಲಿಷ್ ಸೈನಿಕರು ಈ ಜ್ವರದಿಂದ ಮಲಗುತ್ತಿದ್ದರು. 1887ರಲ್ಲಿ ಡೇವಿಡ್ ಬ್ರೂಸ್ ರೋಗಾಣುವನ್ನು ಕಂಡುಹಿಡಿದನು. ನೋಡಲಿಕ್ಕೆ ಆರೋಗ್ಯವಾಗಿದ್ದ ಆಡುಗಳಲ್ಲಿಯೇ ಅದು ಅಡಗಿದೆಯೆಂದು 1905ರಲ್ಲಿ ತೋರಿಸಿದವನು ಆ ನಾಡಿನವನೇ ಆದ ಡಾಕ್ಟರ ಜಮ್ಮಿತ್. ಮರುವರ್ಷವೇ ದಂಡಿಗೆ ಆಡಿನ ಹಾಲು ಬಂದ್ ಆಯಿತು. ಸೈನಿಕರ ಜ್ವರ ಇಳಿಯಿತು. ಊರ ಜನ ಮಾತ್ರ ಅದೇ ಹಾಲು ಕುಡಿದು ಅದೇ ಜ್ವರದಲ್ಲಿ ನರಳಿದರು. ರೋಗಾಣು ಸಾಯುವಂತೆ ಕಾಯಿಸಿದ ಹಾಲು ರಾಜಧಾನಿಗೆ ಬಂದದ್ದು 1938ರ ಸುಮಾರಿಗೆ. ಜ್ಞಾನ ಬಂದು ಮೂವತ್ತು ವರ್ಷವಾದರೂ ಅದು ಬಡವನ ಓಣಿಗೆ ಇಳಿದಿರಲಿಲ್ಲ!

ನಮ್ಮ ಸ್ಥಿತಿಯನ್ನು ನೋಡೋಣ. 2019ರಲ್ಲಿ ಕೇಂದ್ರ ಸರಕಾರವು ಕಾಲುಬಾಯಿ ಬೇನೆ ಮತ್ತು ಈ ರೋಗ ಎರಡಕ್ಕೂ ಕೂಡಿ 13,343 ಕೋಟಿ ರೂಪಾಯಿಯ ಕಾರ್ಯಕ್ರಮವನ್ನು ಸಾರಿತು. ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುವಿಗೆ ಜನ್ಮದಲ್ಲಿ ಒಮ್ಮೆ ಲಸಿಕೆ. ಒಳ್ಳೆಯದೇ ಆಯಿತು. ಆದರೆ ಆ ಲಸಿಕೆ ಆಕಳು ಎಮ್ಮೆಗಳ ಕರುಗಳಿಗೆಂದು ಗೊತ್ತಾದದ್ದು. ಆಡು ಬಡವನ ಆಕಳು. ಮನುಷ್ಯನನ್ನು ಹೆಚ್ಚು ಕಾಡುವ ರೋಗಾಣು ಆಡು-ಕುರಿಗಳದೇ. ಅದನ್ನು ಕೇಳುವವರು ಯಾರು?

ಇನ್ನೊಂದು ಕಹಿ ಮಾತು. ಕಂದು ಹಾಕಿದ ಎಮ್ಮೆಯನ್ನು ನಾವು ಏನು ಮಾಡುತ್ತೇವೆ? ಬಾಯಿ ಮುಚ್ಚಿಕೊಂಡು ಸಂತೆಗೆ ಹೊಡೆಯುತ್ತೇವೆ. ದಲ್ಲಾಳಿಗೆ ದಲ್ಲಾಳಿ ಸಿಗುತ್ತದೆ. ಕೊಂಡವನು ನಮ್ಮಂಥ ಇನ್ನೊಬ್ಬ ಬಡವ. ಅವನ ಹಟ್ಟಿಗೆ ರೋಗವೂ ಹೋಯಿತು. ಇದಕ್ಕೆ ಬಡವನನ್ನು ಬೈದು ಫಲವಿಲ್ಲ. ಇಂಥ ರೋಗವನ್ನು ತಿಳಿಸತಕ್ಕದ್ದೆಂದು 2009ರ ಕಾಯದೆ ಹೇಳುತ್ತದೆ. ತಿಳಿಸಿದವನಿಗೆ ದನದ ಬೆಲೆ ಕೈಸೇರುವ ಭರವಸೆ ಇಲ್ಲದಿದ್ದರೆ ಯಾವ ಬಾಯಿ ಬಿಟ್ಟೀತು?

ಆದಕಾರಣ ಮನೆಯಲ್ಲಿ ಮಾಡತಕ್ಕದ್ದು ಇಷ್ಟು. ಹಾಲನ್ನು ಉಕ್ಕಿಸಿಯೇ ಕುಡಿಯಿರಿ. ಮೊಸರು ಬೆಣ್ಣೆಗಳೂ ಕಾಯಿಸಿದ ಹಾಲಿನವೇ ಆಗಲಿ. ಹಾಲು, ಖೋವಾ ಮಾರುವ ಅಣ್ಣಂದಿರಿಗೂ ಇದೇ ಮಾತು. ಕಂದು, ಮಾಸುಗಳನ್ನು ಬರಿಗೈಯಿಂದ ಮುಟ್ಟದೆ ಸುಣ್ಣ ಹಾಕಿ ಆಳವಾಗಿ ಹುಗಿಯಿರಿ; ನಾಯಿಗೆ ಬಿಡಬೇಡಿರಿ. ದನದ ದವಾಖಾನೆಗೆ ಸುದ್ದಿ ಮುಟ್ಟಿಸಿರಿ. ಜ್ವರ ಬಂದರೆ ಡಾಕ್ಟರರಿಗೆ “ನಮ್ಮ ಎಮ್ಮೆ ಕಂದು ಹಾಕಿತ್ತು” ಎಂಬ ಒಂದು ಮಾತು ಹೇಳಿರಿ. ರಕ್ತ ಪರೀಕ್ಷೆಗೆ ಅದೇ ದಾರಿ ತೋರಿಸುವುದು. ಔಷಧವಿದೆ. ದೊಡ್ಡವರಿಗೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಆರು ವಾರ, ಅದರೊಡನೆ ಇನ್ನೊಂದು ಔಷಧ. ಮಕ್ಕಳಿಗೂ ಬಸುರಿಯರಿಗೂ ಡಾಕ್ಟರರು ಬೇರೆ ಕೊಡುತ್ತಾರೆ. ರೋಗಾಣು ನಮ್ಮ ಜೀವಕೋಶಗಳ ಒಳಗೇ ಅವಿತುಕೊಳ್ಳುವುದರಿಂದ, ಜ್ವರ ಬಿಟ್ಟಿತೆಂದು ಹತ್ತು ದಿನಕ್ಕೆ ಗುಳಿಗೆ ನಿಲ್ಲಿಸಿದವನಿಗೆ ಅದು ಮರಳಿ ಬರುತ್ತದೆ.

ಆದರೆ ದಿನಗೂಲಿಯವನು ಆರು ವಾರ ಹೇಗೆ ಸುಧಾರಿಸಿಕೊಳ್ಳಬೇಕು? ದನಗಳನ್ನೂ ಸತ್ತ ದನದ ಭಾಗಗಳನ್ನೂ ಮುಟ್ಟುವ ಕೆಲಸದಿಂದ ಹತ್ತುವ ಇಂಥ ರೋಗಗಳನ್ನು 1923ರ ನಷ್ಟಪರಿಹಾರ ಕಾಯದೆಯ ಮೂರನೆಯ ಅನುಸೂಚಿ ಉದ್ಯೋಗದ ರೋಗವೆಂದು ಎಣಿಸಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಆ ಪಟ್ಟಿಯನ್ನು ಉಳಿಸಿಕೊಂಡಿದೆ. ತೊಗಲು, ಮಾಂಸ, ಡೈರಿಗಳ ಕೂಲಿಕಾರರು ಈ ಹಕ್ಕನ್ನು ತಿಳಿದಿರಬೇಕು. ತನ್ನ ಆಡನ್ನು ತಾನೇ ಸಾಕಿದವನಿಗೆ ಮಾತ್ರ ಮಾಲೀಕನಿಲ್ಲ, ಪರಿಹಾರವೂ ಇಲ್ಲ.

ನಮ್ಮ ಬೇಡಿಕೆಗಳು ಮೂರು. ತಾಲೂಕಿನ ದವಾಖಾನೆಯಲ್ಲಿಯೇ ಈ ರಕ್ತ ಪರೀಕ್ಷೆ ನಡೆಯಬೇಕು. ಲಸಿಕೆ ಪ್ರತಿಯೊಂದು ಹಟ್ಟಿಗೆ ಬರಬೇಕು, ಆಡು-ಕುರಿಗಳ ರಕ್ಷಣೆಯ ವ್ಯವಸ್ಥೆಯೂ ಆಗಬೇಕು. ರೋಗವನ್ನು ತಿಳಿಸಿದವನಿಗೆ ದನದ ಬೆಲೆ ಸಿಗಬೇಕು. ಗ್ರಾಮಸಭೆ ಕೂಡಿದಾಗ ಈ ಮೂರನ್ನು ಬರೆಸಿ ಠರಾವು ಮಾಡಿಸಿರಿ. ಒಬ್ಬನೇ ತನ್ನ ಹಟ್ಟಿಯನ್ನು ಎಷ್ಟು ಚೊಕ್ಕಟವಾಗಿ ಇಟ್ಟರೂ ನೆರೆಯವನ ಹಟ್ಟಿಯ ರೋಗ ಗೋಡೆ ದಾಟಿ ಬರುತ್ತದೆ.