ಉತ್ತರ ಹೇಳುವವರು ಯಾರು?

ಗಣಿಗಳು ಮುಚ್ಚಿದ ವೇಲ್ಸ್‌ನ ಕಣಿವೆಗಳಿಗೆ ಐರೋಪ್ಯ ಒಕ್ಕೂಟದ ನೆರವು ವೇಲ್ಸ್ ಸರ್ಕಾರದ ಮೂಲಕವೇ ಹರಿಯುತ್ತಿತ್ತು. ಲೆಕ್ಕ ಕೇಳಲು ಕಾರ್ಡಿಫ್‌ನ ಶಾಸನಸಭೆ ಸೆನೆಡ್ ಇತ್ತು, ಸಚಿವರು ಅಲ್ಲಿಯೇ ಉತ್ತರಿಸುತ್ತಿದ್ದರು. 2016ರಲ್ಲಿ ಅದೇ ಕಣಿವೆಯ ಬ್ಲೈನೌ ಗ್ವೆಂಟ್‌ನಲ್ಲಿ ಶೇ. 62ರಷ್ಟು ಮತಗಳು ಒಕ್ಕೂಟ ತೊರೆಯುವ ಪರವಾಗಿ ಬಿದ್ದವು. ಅವರನ್ನು ಕೃತಘ್ನರೆಂದು ಜರೆದವರುಂಟು. ರಸ್ತೆ ಬಂತು, ಕಾಲೇಜು ಬಂತು. 2002ರಲ್ಲಿ ಮುಚ್ಚಿದ ಉಕ್ಕಿನ ಕಾರ್ಖಾನೆಯ ಸಂಬಳ ಮರಳಲಿಲ್ಲವೆಂಬುದನ್ನು ಜರೆದವರು ನೆನೆಯಲಿಲ್ಲ.

2020ರ ಆಂತರಿಕ ಮಾರುಕಟ್ಟೆ ಕಾಯ್ದೆ ವೆಸ್ಟ್‌ಮಿನ್‌ಸ್ಟರ್‌ಗೆ ನೇರವಾಗಿ ಹಣ ವ್ಯಯಿಸುವ ಅಧಿಕಾರ ಕೊಟ್ಟಿತು. 2022ರ ‘ಶೇರ್ಡ್ ಪ್ರಾಸ್ಪೆರಿಟಿ ಫಂಡ್’ ಕಾರ್ಡಿಫ್ ಸರ್ಕಾರವನ್ನು ಬದಿಗಿಟ್ಟು ಸ್ಥಳೀಯ ಸಂಸ್ಥೆಗಳನ್ನು ತಲುಪಿತು. ತೆರಿಗೆ ಪಾಲಿಗಾಗಿ 2024ರ ಫೆಬ್ರವರಿಯಲ್ಲಿ ಜಂತರ್ ಮಂತರ್‌ನಲ್ಲಿ ಕರ್ನಾಟಕದ ಸಚಿವರು ಧರಣಿ ಕುಳಿತದ್ದನ್ನು ಕಂಡವರಿಗೆ ಇದು ಅಪರಿಚಿತವೇನಲ್ಲ. ಸೆನೆಡ್‌ನಲ್ಲಿ ಪ್ರಶ್ನೆ ಏಳುತ್ತದೆ. ಲಂಡನ್ನಿನ ಸಚಿವರು ಅಲ್ಲಿಗೆ ಬಂದು ಉತ್ತರಿಸಬೇಕೆಂಬ ಕಟ್ಟಳೆಯಿಲ್ಲ.