ಕಾಣದ ಸ್ಫಟಿಕ



ನಂಜನಗೂಡನ್ನು ಹಾದು ಬಂದ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಕಣ್ಣಿಗೆ ಕಾಣುವುದು ಎರಡೇ ನದಿಗಳಾದರೂ ಹಿರಿಯರು ಈ ಸಂಗಮವನ್ನು ತ್ರಿವೇಣಿಯೆಂದು ಕರೆದರು. ಮೂರನೆಯದು ಗುಪ್ತವಾಗಿರುವ ಸ್ಫಟಿಕ ಸರೋವರವೆಂಬುದು ಅವರ ನಂಬಿಕೆ. ನಾನು ಇಂದು ಹೇಳಹೊರಟಿರುವುದು ನಮ್ಮ ದೇಹದ ನೀರಿನಲ್ಲಿ ಹೀಗೆಯೇ ಕಾಣದಂತೆ ಹುಟ್ಟುವ ಮತ್ತೊಂದು ಸ್ಫಟಿಕದ ವಿಚಾರ. ಪ್ರಾಚೀನ ವೈದ್ಯರು ಅದನ್ನು ಅಶ್ಮರಿ ಎಂದರು. ನಾವು ಮೂತ್ರಪಿಂಡದ ಕಲ್ಲು ಎನ್ನುತ್ತೇವೆ.

ಬೆನ್ನೆಲುಬಿನ ಎಡಬಲಗಳಲ್ಲಿ, ಕೆಳ ಪಕ್ಕೆಲುಬುಗಳ ಮರೆಯಲ್ಲಿ ಇರುವ ಎರಡು ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರಿನಷ್ಟು ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಬಹುಪಾಲನ್ನು ರಕ್ತಕ್ಕೇ ಹಿಂದಿರುಗಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಕಳುಹಿಸುತ್ತವೆ. ದೇಹಕ್ಕೆ ಬೇಡವಾದ ಲವಣಗಳೆಲ್ಲ ಇಷ್ಟರಲ್ಲಿಯೇ ಕರಗಿರಬೇಕು. ಗಟ್ಟಿಯಾದ ಸಕ್ಕರೆ ಪಾಕದಲ್ಲಿ ದಾರವನ್ನು ಇಳಿಬಿಟ್ಟರೆ ಅದರ ಸುತ್ತ ಕಲ್ಲುಸಕ್ಕರೆ ಹರಳುಗಟ್ಟುವುದನ್ನು ತಾವು ಬಲ್ಲಿರಿ. ಮೂತ್ರವು ಮಂದವಾದಾಗ ಆಗುವುದೂ ಅದೇ. ಹೆಚ್ಚಿನ ಕಲ್ಲುಗಳು ಕ್ಯಾಲ್ಸಿಯಂ ಆಕ್ಸಲೇಟಿನವು. ಕೆಲವು ಯೂರಿಕ್ ಆಮ್ಲದವು. ಇನ್ನು ಕೆಲವು ಮೂತ್ರದ ಸೋಂಕಿನಿಂದ ಬೆಳೆದವು.

ಆದ್ದರಿಂದ ಬೆವರು ಹೆಚ್ಚಿ ನೀರು ಕಡಿಮೆಯಾದವರೇ ಈ ಕಾಯಿಲೆಗೆ ಸುಲಭವಾಗಿ ತುತ್ತಾಗುತ್ತಾರೆ. ಚೈತ್ರದ ಬಿಸಿಲಿನಲ್ಲಿ ಗದ್ದೆಯ ಕೆಲಸ ಮಾಡುವವರು, ರೇಷ್ಮೆ ಬಿಚ್ಚುವ ಬಿಸಿನೀರಿನ ಒಲೆಯ ಮುಂದೆ ದಿನವಿಡೀ ನಿಲ್ಲುವವರು, ಲಾರಿಯ ಚಾಲಕರು ಇಂಥವರು. ಇವರೊಡನೆ ಇನ್ನೊಂದು ವರ್ಗವನ್ನೂ ಸೇರಿಸಬೇಕು. ಹೋದೆಡೆಯಲ್ಲಿ ಶೌಚಾಲಯವಿಲ್ಲವೆಂಬ ಒಂದೇ ಕಾರಣಕ್ಕೆ ಬೆಳಗಿನಿಂದ ಸಂಜೆಯವರೆಗೆ ನೀರನ್ನೇ ಮುಟ್ಟದ ನಮ್ಮ ಹೆಣ್ಣುಮಕ್ಕಳ ವರ್ಗವದು. ಅವರಿಗೆ ನೀರು ಕುಡಿಯಿರಿ ಎಂದು ಉಪದೇಶಿಸುವುದಕ್ಕಿಂತ ಒಂದು ಶುಚಿಯಾದ ಶೌಚಾಲಯ ಕಟ್ಟಿಸಿಕೊಡುವುದೇ ಹೆಚ್ಚಿನ ಚಿಕಿತ್ಸೆ.

ಕಲ್ಲು ಮೂತ್ರಪಿಂಡದಲ್ಲಿಯೇ ಸುಮ್ಮನೆ ಕುಳಿತಿರುವವರೆಗೆ ಬಹುಮಟ್ಟಿಗೆ ಯಾವ ಸುಳಿವನ್ನೂ ಕೊಡುವುದಿಲ್ಲ. ಅದು ಜಾರಿ ಕಿರಿದಾದ ಮೂತ್ರನಾಳಕ್ಕೆ ಇಳಿದಾಗ ನೋವು ಥಟ್ಟನೆ ಎದ್ದುಬಿಡುತ್ತದೆ. ಪಕ್ಕೆಯ ಹಿಂಬದಿಯಲ್ಲಿ ಹುಟ್ಟಿ, ಹೊಟ್ಟೆಯನ್ನು ಬಳಸಿ, ತೊಡೆಯ ಸಂದಿನತ್ತ ಹರಿಯುತ್ತದೆ. ಅಲೆಯಂತೆ ಏರಿ ಇಳಿಯುತ್ತದೆ. ಕರುಳುಬಾಲದ ಊತವಿರುವ ರೋಗಿ ಮೈ ಅಲುಗಿಸಲು ಅಂಜಿ ಮಲಗಿರುತ್ತಾನೆ. ಕಲ್ಲಿನ ನೋವಿನವನು ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ವಾಕರಿಕೆ, ವಾಂತಿ, ಉರಿಮೂತ್ರ, ಕೆಂಪಾದ ಮೂತ್ರ ಇವು ಜೊತೆಗೂಡಬಹುದು. ಮೂತ್ರಪರೀಕ್ಷೆ, ಅಲ್ಟ್ರಾಸೌಂಡ್, ಬೇಕೆನಿಸಿದರೆ ಸಿ.ಟಿ. ಸ್ಕ್ಯಾನ್, ಇವುಗಳಿಂದ ಸಂಶಯ ಪರಿಹಾರವಾಗುತ್ತದೆ.

ಇಲ್ಲಿ ನಾನು ಒತ್ತಿ ಹೇಳಬೇಕಾದ ಮಾತೊಂದಿದೆ. ನೋವು ನಿಂತಿತೆಂದರೆ ಕಲ್ಲು ಹೋಯಿತೆಂದು ಅರ್ಥವಲ್ಲ. ನಾಲೆಯ ತೂಬಿಗೆ ಕಸ ಕಟ್ಟಿಕೊಂಡಾಗ ಹಿಂದೆ ನಿಂತ ನೀರು ಏರಿಯನ್ನು ಒತ್ತುವಂತೆ, ನಾಳದಲ್ಲಿ ಸಿಕ್ಕ ಕಲ್ಲಿನ ಹಿಂದೆ ಮೂತ್ರ ನಿಂತು ಮೂತ್ರಪಿಂಡವನ್ನು ಹಿಗ್ಗಿಸುತ್ತದೆ. ಕೆಲವು ದಿನಗಳಲ್ಲಿ ಆ ಒತ್ತಡಕ್ಕೆ ದೇಹ ಒಗ್ಗಿ ನೋವು ತಣಿಯಬಹುದು. ರೋಗಿ ಗೆದ್ದೆನೆಂದು ನೆಮ್ಮದಿಯಿಂದ ಇರುವ ಆ ವಾರಗಳಲ್ಲಿಯೇ ಒಂದು ಮೂತ್ರಪಿಂಡ ಸದ್ದಿಲ್ಲದೆ ಸೊರಗಿ, ಮತ್ತೆ ಚೇತರಿಸಿಕೊಳ್ಳಲಾರದ ಸ್ಥಿತಿಗೆ ಹೋಗಬಹುದು. ಆದಕಾರಣ ನೋವು ಹೋದ ಮೇಲೂ ಕಲ್ಲು ಹೊರಬಿದ್ದಿದೆಯೆಂಬುದನ್ನು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ನೋವಿನೊಡನೆ ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ, ರೋಗಿ ಗರ್ಭಿಣಿಯಾಗಿದ್ದರೆ ಅಥವಾ ಒಂದೇ ಮೂತ್ರಪಿಂಡ ಉಳ್ಳವನಾಗಿದ್ದರೆ ಒಂದು ರಾತ್ರಿಯೂ ಕಾಯಬಾರದು. ತಾಲ್ಲೂಕು ಆಸ್ಪತ್ರೆಯನ್ನೋ ಮೈಸೂರಿನ ದೊಡ್ಡಾಸ್ಪತ್ರೆಯನ್ನೋ ಕೂಡಲೇ ಸೇರಬೇಕು.

ಹಾಗಾದರೆ ಎಲ್ಲ ಕಲ್ಲಿಗೂ ಶಸ್ತ್ರವೇ ಗತಿಯೆ? ಅಲ್ಲ. ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಬೆರಳುಗಳ ನಡುವೆ ಒಂದು ಗುಲಗಂಜಿಯಿದೆ; ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚೆಂಬುದು ಅದರ ಸಂಕೇತವಂತೆ. ನಮ್ಮ ವಿಷಯದಲ್ಲಿಯೂ ಗುಲಗಂಜಿಯೇ ಒಳ್ಳೆಯ ಅಳತೆ. ಅದಕ್ಕಿಂತ ಕಿರಿದಾದ, ಎಂದರೆ 5 ಮಿಲಿಮೀಟರಿನೊಳಗಿನ ಕಲ್ಲುಗಳಲ್ಲಿ ಹೆಚ್ಚಿನವು ತಾವಾಗಿಯೇ ಹೊರಬೀಳುತ್ತವೆ. ವೈದ್ಯರು ಕೊಡುವ ನೋವುಶಾಮಕವೂ ಕೆಲವು ದಿನಗಳ ತಾಳ್ಮೆಯೂ ಅವಕ್ಕೆ ಸಾಕಾಗಬಹುದು. 10 ಮಿಲಿಮೀಟರನ್ನು ಮೀರಿದವು ತಾವಾಗಿ ಹೋಗುವುದು ಅಪರೂಪ.

ರಸಬಾಳೆಗೆ ಹೆಸರಾದ ನಂಜನಗೂಡಿನ ಸೀಮೆಯಲ್ಲಿ ಕಲ್ಲಿನ ಮಾತೆತ್ತಿದೊಡನೆ ಬಾಳೆದಿಂಡಿನ ರಸ, ಹುರುಳಿಕಟ್ಟು, ನೆಗ್ಗಿಲು ಕಷಾಯಗಳ ಸಲಹೆ ಬರುವುದು ಸಹಜ. ಇವನ್ನು ನಾನು ಹಳಿಯಲಾರೆ. ಇವುಗಳ ನೆಪದಲ್ಲಿ ಹೊಟ್ಟೆಗೆ ನೀರಾದರೂ ಸೇರುತ್ತದೆ. ಆದರೆ ತಾನಾಗಿಯೇ ಹೋಗಲಿದ್ದ ಚಿಕ್ಕ ಕಲ್ಲಿನ ಕೀರ್ತಿ ಬಾಳೆದಿಂಡಿಗೆ ಸಲ್ಲುತ್ತದೆ. ಅದೇ ನಂಬಿಕೆಯಿಂದ ದೊಡ್ಡ ಕಲ್ಲನ್ನು ತಿಂಗಳುಗಟ್ಟಲೆ ಇಟ್ಟುಕೊಂಡವನ ನಷ್ಟ ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ. ಯೂರಿಕ್ ಆಮ್ಲದ ಕಲ್ಲನ್ನು ಮೂತ್ರದ ಹುಳಿಯನ್ನು ತಗ್ಗಿಸುವ ಔಷಧಿಯಿಂದ ಕರಗಿಸಬಹುದು; ಕ್ಯಾಲ್ಸಿಯಂ ಕಲ್ಲನ್ನು ಕರಗಿಸುವ ಔಷಧಿ ಇಂದಿಗೂ ಇಲ್ಲ. ಮೂತ್ರಪಿಂಡಗಳ ಶಕ್ತಿ ಈಗಾಗಲೇ ಕುಂದಿರುವವರಿಗಂತೂ ಪೊಟ್ಯಾಸಿಯಂ ತುಂಬಿದ ದಿಂಡಿನ ರಸ, ಎಳನೀರು ಅಪಾಯಕಾರಿ.

ನಮ್ಮ ಪ್ರಾಚೀನರೂ ಈ ವಿವೇಕವನ್ನು ಬಿಟ್ಟವರಲ್ಲ. ಸುಶ್ರುತಸಂಹಿತೆ ಅಶ್ಮರಿಯನ್ನು ಎಂಟು ಮಹಾರೋಗಗಳಲ್ಲಿ ಒಂದೆಂದು ಎಣಿಸಿದೆ. ಹೊಸ ಕಲ್ಲಿಗೆ ಔಷಧ, ಬೆಳೆದ ಕಲ್ಲಿಗೆ ಶಸ್ತ್ರ ಎಂಬುದು ಅದರ ನಿರ್ಣಯ. ಆ ಶಸ್ತ್ರಕ್ರಿಯೆ ಎಷ್ಟು ಅಪಾಯಕರವಾಗಿತ್ತೆಂದರೆ ವೈದ್ಯನು ಮೊದಲೇ ಒಡೆಯನ ಅನುಮತಿ ಪಡೆಯಬೇಕಿತ್ತು. ಇಂದು ಆ ಭಯಕ್ಕೆ ಕಾರಣವಿಲ್ಲ. ಮಳೆಹನಿಗಳು ಅತಿವೇಗದ ವಿಮಾನದ ಮೈಯನ್ನು ಹೇಗೆ ಘಾಸಿಗೊಳಿಸುತ್ತವೆಂದು ಜರ್ಮನಿಯ ಡಾರ್ನಿಯರ್ ಸಂಸ್ಥೆ ನಡೆಸಿದ ಅಧ್ಯಯನದಿಂದ ಆಘಾತ ತರಂಗಗಳ ಚಿಕಿತ್ಸೆ ಹುಟ್ಟಿತು. 1980ರಲ್ಲಿ ಮ್ಯೂನಿಕ್ ನಗರದಲ್ಲಿ ಮೊದಲ ಬಾರಿಗೆ ರೋಗಿಯ ಮೈ ಕೊಯ್ಯದೆ ಕಲ್ಲನ್ನು ಹೊರಗಿನಿಂದಲೇ ಪುಡಿಮಾಡಲಾಯಿತು. ಸಣ್ಣ ದುರ್ಬೀನನ್ನು ಮೂತ್ರದ್ವಾರದ ಮೂಲಕ ಏರಿಸಿ ಲೇಸರ್ ಕಿರಣದಿಂದ ಒಡೆಯುವುದೂ, ಬೆನ್ನಿನ ಕಿರುರಂಧ್ರದಿಂದ ದೊಡ್ಡ ಕಲ್ಲನ್ನು ತೆಗೆಯುವುದೂ ಈಗ ನಿತ್ಯದ ಕೆಲಸಗಳಾಗಿವೆ.

ಒಮ್ಮೆ ಬಂದ ಕಲ್ಲು ಮತ್ತೆ ಬರುವ ಸಂಭವ ಹೆಚ್ಚು. ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರವಾಗುವಷ್ಟು ನೀರು ಕುಡಿಯಬೇಕು. ಮೂತ್ರದ ಬಣ್ಣ ತಿಳಿಯಾಗಿರುವುದೇ ಅದರ ಗುರುತು. ಉಪ್ಪು ಹೆಚ್ಚಿದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚುವುದರಿಂದ ಉಪ್ಪಿನಕಾಯಿ ಹಪ್ಪಳಗಳಲ್ಲಿ ಹಿಡಿತವಿರಲಿ. ಮಾಂಸಾಹಾರ ಮಿತವಾಗಿರಲಿ. ನಿಂಬೆಯ ಪಾನಕ ಒಳ್ಳೆಯದು. ಕಲ್ಲಿನಲ್ಲಿ ಕ್ಯಾಲ್ಸಿಯಂ ಇದೆಯೆಂದು ಹಾಲು ಮೊಸರು ಬಿಡುವುದು ತಪ್ಪು ತಿಳಿವಳಿಕೆ. ಪಾಲಕ್, ದಂಟು ಮೊದಲಾದ ಸೊಪ್ಪುಗಳ ಆಕ್ಸಲೇಟನ್ನು ಊಟದ ಮೊಸರಿನ ಕ್ಯಾಲ್ಸಿಯಂ ಕರುಳಿನಲ್ಲಿಯೇ ಹಿಡಿದು ಹೊರಹಾಕುತ್ತದೆ. ಮೊಸರು ಬಿಟ್ಟವನ ಮೂತ್ರಕ್ಕೆ ಆಕ್ಸಲೇಟ್ ಹೆಚ್ಚಾಗಿ ಬರುತ್ತದೆ. ಹೊರಬಿದ್ದ ಕಲ್ಲನ್ನು ಎಸೆಯದೆ ವೈದ್ಯರಿಗೆ ಒಪ್ಪಿಸಿದರೆ, ಅದು ಯಾವ ಜಾತಿಯದೆಂದು ತಿಳಿದು ಮುಂದಿನ ಪಥ್ಯ ಹೇಳಲು ಅನುಕೂಲವಾಗುತ್ತದೆ.

ನೋವು ನಮ್ಮನ್ನು ಎಚ್ಚರಿಸಬಲ್ಲುದೇ ಹೊರತು ರೋಗ ಮುಗಿಯಿತೆಂದು ತೀರ್ಪು ಕೊಡಲಾರದು. ಆ ತೀರ್ಪನ್ನು ಪರೀಕ್ಷೆಗೆ ಬಿಡೋಣ.